“ಎಲ್ಲಾ ಸಾಫ್ಟ್‌ವೇರ್ ಹಾಕೇ ಕೊಡ್ತೀವಿ” ಅಂದರೆ ಆ ಲ್ಯಾಪ್‌ಟಾಪ್ ಮುಟ್ಟಬೇಡಿ

ಕಾರಿನ ಎಂಜಿನ್ ಇಸಿಯುಗೆ, ಅಂದರೆ ಎಂಜಿನ್ ನಡೆಸುವ ಪುಟ್ಟ ಕಂಪ್ಯೂಟರಿಗೆ, ಹೊಸ ಫೈಲ್ ಬರೆಯುತ್ತಿದ್ದಾಗ ಲ್ಯಾಪ್‌ಟಾಪ್ ಆಫ್ ಆಯಿತು. ಪರದೆಯ ಮೂಲೆಯಲ್ಲಿ ಬ್ಯಾಟರಿ 78 ಪರ್ಸೆಂಟ್ ಎಂದು ತೋರಿಸುತ್ತಿತ್ತು. ಯಾರದೋ ಕಾಲು ತಾಗಿ ಎಕ್ಸ್‌ಟೆನ್ಷನ್ ಬೋರ್ಡಿನಿಂದ ಚಾರ್ಜರ್ ಕಳಚಿಕೊಂಡಿತು, ಮರುಕ್ಷಣ ಪರದೆ ಕಪ್ಪು. ಸಣ್ಣ ಗ್ಯಾರೇಜೊಂದರಲ್ಲಿ ಆದದ್ದು ಇದು. ಲ್ಯಾಪ್‌ಟಾಪ್ ಸೆಕೆಂಡ್ ಹ್ಯಾಂಡ್ ಕೊಂಡದ್ದು 9,500 ರೂಪಾಯಿಗೆ, ಗಾಡಿಯ ದೋಷ ಹುಡುಕುವ ಡಯಾಗ್ನೋಸ್ಟಿಕ್ ಸಾಫ್ಟ್‌ವೇರ್ ಎಲ್ಲ ಮೊದಲೇ ತುಂಬಿದ್ದು. ಆಮೇಲೆ ಕಾರು ಸ್ಟಾರ್ಟ್ ಆಗಲಿಲ್ಲ. ಸ್ಕ್ಯಾನರ್ ಹಾಕಿದರೆ ಎಬಿಎಸ್ ಮಾತಾಡುತ್ತದೆ, ಏರ್‌ಬ್ಯಾಗ್ ಮಾತಾಡುತ್ತದೆ, ಎಂಜಿನ್ ಇಸಿಯು ಮಾತ್ರ ತುಟಿ ಬಿಚ್ಚುವುದಿಲ್ಲ. ಕೊನೆಗೆ ಇಸಿಯು ಕಳಚಿ, ಬೆಂಚಿನ ಮೇಲಿಟ್ಟು ನೇರವಾಗಿ ಬರೆಸಬೇಕಾಯಿತು. ಅದರ ಖರ್ಚು ಲ್ಯಾಪ್‌ಟಾಪಿನ ಬೆಲೆಯನ್ನೇ ದಾಟಿತು. ಕಾರಿನ ಮಾಲೀಕರಿಗೆ ಹೇಳಬೇಕಾದ ಉತ್ತರ ಬೇರೆ.

ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಕೊಳ್ಳುವಾಗ ಎಲ್ಲರೂ ಕೇಳುವುದು ಐ5 ಅಥವಾ ಐ7, ರ‍್ಯಾಮ್ ಎಷ್ಟು ಎಂದು. ಪ್ರೊಸೆಸರ್ ನಿಧಾನವಾಯಿತೆಂದು ಕೆಟ್ಟ ಇಸಿಯು ಇಲ್ಲ. 8 ಜಿಬಿ ರ‍್ಯಾಮ್, 240 ಜಿಬಿ ಎಸ್‌ಎಸ್‌ಡಿ ಇದ್ದರೆ ಧಾರಾಳ. ಕೈಕೊಡುವುದು ಯಾರೂ ಕೇಳದ ಭಾಗಗಳು, ಅದರಲ್ಲೂ ಬ್ಯಾಟರಿ.

ಹಳೆಯ ಬ್ಯಾಟರಿ ತೋರಿಸುವ ಪರ್ಸೆಂಟ್ ನಂಬುವಂಥದ್ದಲ್ಲ. ಒಂದೇ ಒಂದು ಸೆಲ್ ಸತ್ತಿದ್ದರೂ ಲೋಡ್ ಬಿದ್ದ ಕೂಡಲೇ ವೋಲ್ಟೇಜ್ ಕುಸಿಯುತ್ತದೆ. ಸಾಫ್ಟ್‌ವೇರಿಗೆ ಎಚ್ಚರಿಕೆ ಕೊಡುವಷ್ಟು ಹೊತ್ತೂ ಸಿಗುವುದಿಲ್ಲ. ಅಂಗಡಿಯಲ್ಲೇ ನೋಡುವ ದಾರಿ ಇದೆ. ಕಮಾಂಡ್ ಪ್ರಾಂಪ್ಟ್ ತೆರೆದು ಇಂಗ್ಲಿಷ್ ಅಕ್ಷರಗಳಲ್ಲಿ ‘ಪವರ್‌ಸಿಎಫ್‌ಜಿ /ಬ್ಯಾಟರಿರಿಪೋರ್ಟ್’ ಎಂದು ಹೊಡೆಯಿರಿ, ಸ್ಲ್ಯಾಶ್‌ಗೆ ಮುಂಚೆ ಒಂದು ಜಾಗ ಬಿಡಿ. ವಿಂಡೋಸ್ 8ರಿಂದ ಈಚೆಗೆ ಎಲ್ಲದರಲ್ಲೂ ಇದು ಇದೆ. ಬರುವ ವರದಿಯಲ್ಲಿ ಎರಡು ಅಂಕಿ ನೋಡಿ: ಡಿಸೈನ್ ಕೆಪಾಸಿಟಿ, ಫುಲ್ ಚಾರ್ಜ್ ಕೆಪಾಸಿಟಿ. ಮೊದಲನೆಯದು 56,160, ಎರಡನೆಯದು 21,000 ಎಂದಿದ್ದರೆ ಉಳಿದಿರುವುದು 37 ಪರ್ಸೆಂಟ್ ಬ್ಯಾಟರಿ. 60 ಪರ್ಸೆಂಟಿಗಿಂತ ಕೆಳಗಿದ್ದರೆ ಹೊಸ ಬ್ಯಾಟರಿಯ ಬೆಲೆಯನ್ನೂ ಸೇರಿಸಿಕೊಂಡೇ ವ್ಯಾಪಾರ ಮಾಡಿ. ವರದಿ ಚೆನ್ನಾಗಿದ್ದರೂ ಅಷ್ಟಕ್ಕೇ ಬಿಡಬೇಡಿ. ಚಾರ್ಜರ್ ತೆಗೆದು, ಬ್ರೈಟ್‌ನೆಸ್ ಪೂರ್ತಿ ಏರಿಸಿ, ಅರ್ಧ ಗಂಟೆ ವಿಡಿಯೋ ಓಡಿಸಿ. ಪರ್ಸೆಂಟ್ ಒಂದೊಂದೇ ಇಳಿಯಬೇಕು. 70ರಿಂದ ಒಮ್ಮೆಲೇ 20ಕ್ಕೆ ಜಿಗಿದರೆ ಅಂಗಡಿಯವರು ಏನೇ ಹೇಳಲಿ, ಆ ಬ್ಯಾಟರಿ ಸತ್ತಿದೆ.

ಚಾರ್ಜರನ್ನೂ ಬಿಡಬೇಡಿ. ದುಂಡು ಪಿನ್ನಿನ ಡೆಲ್ ಚಾರ್ಜರ್‌ಗಳಲ್ಲಿ ನಡುವೆ ಸೂಜಿಯಂಥ ತೆಳು ಪಿನ್ ಇರುತ್ತದೆ, ಇದು ಎಷ್ಟು ವಾಟ್ ಚಾರ್ಜರ್ ಎಂದು ಲ್ಯಾಪ್‌ಟಾಪಿಗೆ ಹೇಳುವುದು ಅದೇ. ಆ ಪಿನ್ ಮುರಿದಿದ್ದರೆ ಅಥವಾ ಚಾರ್ಜರ್ ನಕಲಿಯಾಗಿದ್ದರೆ ಆನ್ ಮಾಡುವಾಗಲೇ ಅಡಾಪ್ಟರ್ ಗುರುತಾಗಲಿಲ್ಲ ಎಂಬ ಸಂದೇಶ ಬರುತ್ತದೆ. ಲ್ಯಾಪ್‌ಟಾಪ್ ಓಡುತ್ತದೆ, ಆದರೆ ಬ್ಯಾಟರಿ ಚಾರ್ಜ್ ಆಗುವುದಿಲ್ಲ, ಪ್ರೊಸೆಸರ್ ಕೂಡ ವೇಗ ತಗ್ಗಿಸಿಕೊಂಡು ತೆವಳುತ್ತದೆ. ಪರದೆಯ ಮೇಲೆ ಚಾರ್ಜರ್ ಚಿಹ್ನೆ ಕಂಡು ಮೋಸ ಹೋಗುವುದು ಇಲ್ಲೇ.

ಇನ್ನು ಸಾಫ್ಟ್‌ವೇರ್ ತುಂಬಿ ಕೊಡುವ ವಿಷಯ. ಹತ್ತು ಕಂಪನಿಯ ಸಾಫ್ಟ್‌ವೇರ್ ಒಂದೇ ಲ್ಯಾಪ್‌ಟಾಪಿನಲ್ಲಿ, ಅದೂ ಬಿಟ್ಟಿ ಎಂದರೆ ಅವೆಲ್ಲ ಕ್ರ್ಯಾಕ್ ಮಾಡಿದವು, ಅಂದರೆ ಲೈಸೆನ್ಸಿನ ಬೀಗ ಮುರಿದವು. ಕಾನೂನಿನ ಮಾತು ಹಾಗಿರಲಿ, ಕೆಲಸದ ಲೆಕ್ಕದಲ್ಲೇ ಅವು ಅಪಾಯ. ಕ್ರ್ಯಾಕ್ ಆ ಡಿಸ್ಕಿನ ಗುರುತಿಗೆ ಕಟ್ಟಿಹಾಕಿದ್ದಾದರೆ ಎಸ್‌ಎಸ್‌ಡಿ ಬದಲಿಸಿದ ದಿನವೇ ಸಾಫ್ಟ್‌ವೇರ್ ಹೋಯಿತು. ಕೆಲವದರಲ್ಲಿ ಲೈಸೆನ್ಸ್ ಅವಧಿ ಮುಗಿದಂತೆ ಕಾಣದಿರಲೆಂದು ಗಡಿಯಾರವನ್ನೇ ಹಿಂದಿನ ವರ್ಷಕ್ಕೆ ತಿರುಗಿಸಿರುತ್ತಾರೆ. ಇಂಟರ್‌ನೆಟ್ ಸಿಕ್ಕಿ ವಿಂಡೋಸ್ ದಿನಾಂಕ ಸರಿಪಡಿಸಿಕೊಂಡ ಕೂಡಲೇ ಸಾಫ್ಟ್‌ವೇರ್ ತೆರೆಯುವುದಿಲ್ಲ. ತಪ್ಪು ದಿನಾಂಕ ಹಾಗೇ ಇಟ್ಟರೆ ಬ್ಯಾಂಕಿನ ಸೈಟ್ ತೆರೆಯುವುದಿಲ್ಲ.

ಎಲ್ಲಕ್ಕಿಂತ ಕೆಟ್ಟದ್ದು ಆಂಟಿವೈರಸ್ ಜತೆ ಮಾಡುವ ಕೆಲಸ. ಕ್ರ್ಯಾಕ್ ಓಡಲಿ ಎಂದು ವಿಂಡೋಸಿನ ಸ್ವಂತ ಆಂಟಿವೈರಸ್ ಡಿಫೆಂಡರ್ ಆಫ್ ಮಾಡಿರುತ್ತಾರೆ, ಇಲ್ಲವೇ ಇಡೀ ಸಿ ಡ್ರೈವನ್ನೇ ಅದರ ವಿನಾಯಿತಿ ಪಟ್ಟಿಗೆ ಸೇರಿಸಿರುತ್ತಾರೆ. ವಿಂಡೋಸ್ ಸೆಕ್ಯುರಿಟಿ ತೆರೆದು ಎಕ್ಸ್‌ಕ್ಲೂಷನ್ಸ್ ಎಂಬ ಪುಟ ನೋಡಿ. ಅಲ್ಲಿ ಏನಾದರೂ ಇದ್ದರೆ ಆ ಜಾಗದಲ್ಲಿ ಏನು ಕೂತಿದ್ದರೂ ಯಾರೂ ಹಿಡಿಯುವುದಿಲ್ಲ. ಬಹಳಷ್ಟು ಗ್ಯಾರೇಜುಗಳಲ್ಲಿ ಸ್ಕ್ಯಾನಿಂಗ್, ಜಿಎಸ್‌ಟಿ ಲಾಗಿನ್, ನೆಟ್‌ಬ್ಯಾಂಕಿಂಗ್ ಎಲ್ಲಕ್ಕೂ ಒಂದೇ ಲ್ಯಾಪ್‌ಟಾಪ್. ದಯವಿಟ್ಟು ಹಾಗೆ ಮಾಡಬೇಡಿ. ಲ್ಯಾಪ್‌ಟಾಪ್ ಖಾಲಿಯಾಗಿ ಕೊಳ್ಳಿ, ವಿಂಡೋಸ್ ಹೊಸದಾಗಿ ನೀವೇ ಹಾಕಿ, ನಿಮ್ಮ ಇಂಟರ್‌ಫೇಸ್ (ಲ್ಯಾಪ್‌ಟಾಪನ್ನು ಕಾರಿಗೆ ಜೋಡಿಸುವ ಸಾಧನ) ಜತೆ ಬಂದ ಸಾಫ್ಟ್‌ವೇರ್ ಮಾತ್ರ ತುಂಬಿ.

ಯಾವ ವಿಂಡೋಸ್ ಎನ್ನುವುದನ್ನು ಲ್ಯಾಪ್‌ಟಾಪ್ ನೋಡಿ ತೀರ್ಮಾನಿಸುವುದಲ್ಲ, ಇಂಟರ್‌ಫೇಸ್ ನೋಡಿ ತೀರ್ಮಾನಿಸುವುದು. ಮೊದಲು ಕೇಬಲ್, ಆಮೇಲೆ ಲ್ಯಾಪ್‌ಟಾಪ್. ಕೆ-ಲೈನ್ (ಇಸಿಯು ಜತೆ ಮಾತಾಡುವ ಒಂಟಿ ತಂತಿ) ಕಾಲದ ಹಳೆಯ ಗಾಡಿಗಳ ಸಾಫ್ಟ್‌ವೇರ್ ಕೆಲವು 32 ಬಿಟ್ ವಿಂಡೋಸ್ 7 ಬಿಟ್ಟು ಬೇರೆಡೆ ಏಳುವುದೇ ಇಲ್ಲ. 16 ಬಿಟ್ ಇನ್‌ಸ್ಟಾಲರ್ ಇದ್ದರೆ 64 ಬಿಟ್ ವಿಂಡೋಸ್ ಅದನ್ನು ಮುಟ್ಟುವುದೂ ಇಲ್ಲ. ಅಂಥ ಕೆಲಸಕ್ಕೆ ಇಂಟೆಲ್ ಪ್ರೊಸೆಸರಿನ ಮೂರನೇ ತಲೆಮಾರಿನ ಥಿಂಕ್‌ಪ್ಯಾಡ್ ಟಿ430 ಅಥವಾ ಡೆಲ್ ಲ್ಯಾಟಿಟ್ಯೂಡ್ ಇ6430 ಒಳ್ಳೆಯದು, ಇಂಟರ್‌ನೆಟ್ ಕೊಡದೆ ಇಟ್ಟುಕೊಳ್ಳಿ. ಆರನೇ ತಲೆಮಾರಿನ ಲ್ಯಾಪ್‌ಟಾಪ್ ತಂದು ವಿಂಡೋಸ್ 7 ಹಾಕಲು ಹೊರಟರೆ ಇನ್‌ಸ್ಟಾಲ್ ಮಾಡುವಾಗಲೇ ಯುಎಸ್‌ಬಿ ಮೌಸ್, ಪೆನ್‌ಡ್ರೈವ್ ಕೆಲಸ ನಿಲ್ಲಿಸುತ್ತವೆ. ಆ ಚಿಪ್‌ಸೆಟ್‌ನಲ್ಲಿ ಹಳೆಯ ಯುಎಸ್‌ಬಿ 2 ಕಂಟ್ರೋಲರ್ ತೆಗೆದುಹಾಕಿದ್ದಾರೆ, ವಿಂಡೋಸ್ 7ರಲ್ಲಿ ಯುಎಸ್‌ಬಿ 3ರ ಡ್ರೈವರ್ ಇಲ್ಲ.

ಹೊಸ ಗಾಡಿಗಳ ಸಾಫ್ಟ್‌ವೇರ್ ಆನ್‌ಲೈನ್ ಬೇಡುತ್ತದೆ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ವಿಂಡೋಸ್ 11ಕ್ಕೆ ಇಂಟೆಲ್ ಆದರೆ ಎಂಟನೇ ತಲೆಮಾರಿನಿಂದ ಮೇಲೆ ಬೇಕು. ಥಿಂಕ್‌ಪ್ಯಾಡ್ ಟಿ480 ಇದಕ್ಕೆ ಚೆನ್ನಾಗಿ ಒದಗುತ್ತದೆ. ಒಳಗೊಂದು ಹೊರಗೊಂದು ಎರಡು ಬ್ಯಾಟರಿ ಹಾಕಿಕೊಳ್ಳುವ ಅನುಕೂಲವಿದೆ, ಹಾಗಾಗಿ ಒಂದು ಕೈಕೊಟ್ಟರೂ ಇನ್ನೊಂದು ಹಿಡಿದುಕೊಳ್ಳುತ್ತದೆ. ಆದರೆ ಟಿ480 ಎಂಬ ಹೆಸರಲ್ಲೇ ಏಳನೇ ತಲೆಮಾರಿನ ಐ5-7200ಯು, 7300ಯು ಇದ್ದವೂ ಮಾರಾಟವಾಗಿವೆ. ಹೆಸರು ನೋಡಬೇಡಿ, ಪ್ರೊಸೆಸರ್ ನಂಬರ್ ಓದಿ. 8250 ಅಥವಾ 8350 ಎಂದಿರಬೇಕು.

ಬೆಂಗಳೂರಿನ ಎಸ್.ಪಿ. ರೋಡಿನಂಥ ಎಲೆಕ್ಟ್ರಾನಿಕ್ಸ್ ಪೇಟೆಯಲ್ಲಿ ಸಿಗುವ ಇಂಥ ಮಾಡೆಲ್‌ಗಳು ಹೆಚ್ಚಾಗಿ ಕಂಪನಿಗಳು ಬಳಸಿ ಬಿಟ್ಟವು. ಗಟ್ಟಿಮುಟ್ಟಾಗಿರುತ್ತವೆ, ಆದರೆ ಹಳೆಯ ಕಂಪನಿಯ ಬೀಗ ಉಳಿದಿರಬಹುದು. ಆನ್ ಆಗುವಾಗ ಥಿಂಕ್‌ಪ್ಯಾಡ್‌ನಲ್ಲಿ ಎಫ್1, ಡೆಲ್‌ನಲ್ಲಿ ಎಫ್2 ಒತ್ತಿ ಬಯಾಸ್‌ಗೆ (ವಿಂಡೋಸ್ ಏಳುವ ಮುಂಚಿನ ಸೆಟ್ಟಿಂಗ್ ಪುಟ) ಹೋಗಿ. ಪಾಸ್‌ವರ್ಡ್ ಕೇಳಿದರೆ ಅಲ್ಲಿಗೇ ಬಿಟ್ಟುಬಿಡಿ. ಅಲ್ಲಿರುವ ಸೀರಿಯಲ್ ನಂಬರ್ ಅಡಿಯ ಸ್ಟಿಕ್ಕರಿಗೆ ಹೊಂದಬೇಕು, ಅದೇ ನಂಬರ್ ಬಿಲ್ಲಿನಲ್ಲೂ ಬರಬೇಕು. ಆಮೇಲೆ ಅಂಗಡಿಯಲ್ಲೇ ವಿಂಡೋಸ್ ರೀಸೆಟ್ ಮಾಡಿಸಿ, ನಿಮ್ಮ ಮೊಬೈಲ್ ಹಾಟ್‌ಸ್ಪಾಟ್ ಕೊಟ್ಟು ಸೆಟಪ್ ಮುಗಿಸಿ. ನೆಟ್ ಸಿಕ್ಕ ತಕ್ಷಣ ಯಾವುದೋ ಕಂಪನಿಯ ಲಾಗಿನ್ ಪುಟ ಬಂದರೆ ಆ ಮೆಷಿನ್ ಇನ್ನೂ ಅವರ ಹೆಸರಲ್ಲಿದೆ. ನೆಟ್ ಕೊಡದೆ ಸೆಟಪ್ ಮಾಡಿ ತೋರಿಸುವುದಕ್ಕೆ ಒಪ್ಪಬೇಡಿ.

ಯುಎಸ್‌ಬಿ ಕಿಂಡಿಗೆ ನಿಮ್ಮ ಕೇಬಲ್ಲನ್ನೇ ಹಾಕಿ ನೋಡಿ. ಜೋಡಿಸಿದ ಸಾಧನಗಳ ಪಟ್ಟಿ ತೋರಿಸುವ ಡಿವೈಸ್ ಮ್ಯಾನೇಜರ್ ತೆರೆದಿಟ್ಟು ಪಿನ್ನನ್ನು ಬೆರಳಲ್ಲಿ ಮೇಲೆ ಕೆಳಗೆ ಮೆಲ್ಲಗೆ ಅಲ್ಲಾಡಿಸಿ. ಪಟ್ಟಿ ಒಮ್ಮೆ ಮಿನುಗಿದರೂ ಆ ಕಿಂಡಿ ಸಡಿಲ, ಫೈಲ್ ಬರೆಯುವಾಗ ಅಷ್ಟೇ ಸಾಕು ಕೆಡಲು. ಕಾರನ್ನು ಅಂಗಡಿ ಬಾಗಿಲಿಗೆ ಒಯ್ಯಲಾಗದಿದ್ದರೆ ಯುಪಿಎಸ್‌ನ 12 ವೋಲ್ಟ್ 7 ಆಂಪಿಯರ್-ಅವರ್ ಬ್ಯಾಟರಿಯೊಂದನ್ನು ಜತೆಗೆ ಒಯ್ಯಿರಿ. ಕಾರಿನಲ್ಲಿ ಸ್ಕ್ಯಾನರ್ ಹಾಕುವ ಕಿಂಡಿಯಂಥದೇ 16 ಪಿನ್ನಿನ ಒಬಿಡಿ ಹೆಣ್ಣು ಕನೆಕ್ಟರಿನ 16ನೇ ಪಿನ್ನಿಗೆ 2 ಆಂಪಿಯರ್ ಫ್ಯೂಸ್ ಮೂಲಕ ಪ್ಲಸ್, 4 ಮತ್ತು 5ಕ್ಕೆ ಮೈನಸ್. ಕಾರಿನಿಂದ ಕರೆಂಟ್ ಎಳೆಯುವ ಇಂಟರ್‌ಫೇಸ್ ಇಷ್ಟರಲ್ಲಿ ಜೀವ ಹಿಡಿಯುತ್ತದೆ, ಡ್ರೈವರ್ ಕೂತಿದೆಯೋ ಇಲ್ಲವೋ ಅಲ್ಲೇ ಗೊತ್ತಾಗುತ್ತದೆ.

ಎಫ್‌ಟಿಡಿಐ ಕಂಪನಿಯ ಯುಎಸ್‌ಬಿ ಚಿಪ್ಪಿನ ಕೇಬಲ್ ಆದರೆ ಡಿವೈಸ್ ಮ್ಯಾನೇಜರಿನ ಪೋರ್ಟ್ ಸೆಟ್ಟಿಂಗ್‌ನಲ್ಲಿ ಲೇಟೆನ್ಸಿ ಟೈಮರ್ 16 ಮಿಲಿಸೆಕೆಂಡ್ ಇರುತ್ತದೆ, 1ಕ್ಕೆ ಇಳಿಸಿ. ಮಧ್ಯೆ ಮಧ್ಯೆ ಸಂಪರ್ಕ ತಪ್ಪುವುದಕ್ಕೆ ಬಹಳ ಸಲ ಇದೇ ಕಾರಣ, ಜನ ಸುಮ್ಮನೆ ಲ್ಯಾಪ್‌ಟಾಪ್ ಬೈಯುತ್ತಾರೆ. ಪವರ್ ಆಪ್ಷನ್‌ನಲ್ಲಿ ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ ಆಫ್, ಸ್ಲೀಪ್ ನೆವರ್, ಮುಚ್ಚಳ ಮುಚ್ಚಿದರೆ ಡು ನಥಿಂಗ್. ವಿಂಡೋಸ್ ಅಪ್‌ಡೇಟ್ ತಡೆಹಿಡಿಯದೆ (ಪಾಜ್ ಮಾಡದೆ) ಇಸಿಯು ರೀಪ್ರೋಗ್ರಾಮಿಂಗ್ ಶುರು ಮಾಡಲೇಬೇಡಿ. ಲ್ಯಾಪ್‌ಟಾಪ್ ಎಷ್ಟೇ ಚೆನ್ನಾಗಿದ್ದರೂ ಕಾರಿನ ಬ್ಯಾಟರಿ ಬಿದ್ದರೆ ಅದೇ ಗತಿ. ಬರೆಯುವಾಗ ಕೆಲವು ಗಾಡಿಗಳಲ್ಲಿ ರೇಡಿಯೇಟರ್ ಫ್ಯಾನ್ ಪೂರ್ತಿ ವೇಗದಲ್ಲಿ ತಿರುಗಿ ಬ್ಯಾಟರಿ ಹೀರುತ್ತದೆ. 13.5 ವೋಲ್ಟ್ ಹಿಡಿದಿಡುವ ಸ್ಟೆಬಿಲೈಸ್ಡ್ ಸಪ್ಲೈ ಹಾಕಿ. ಸಾಮಾನ್ಯ ಬ್ಯಾಟರಿ ಚಾರ್ಜರಿನ ಏರಿಳಿತ ಇಸಿಯುಗೆ ಆಗಿಬರುವುದಿಲ್ಲ.

ಇಷ್ಟಾಗಿಯೂ ನಡುವೆ ನಿಂತುಹೋದರೆ ಗಾಬರಿಯಲ್ಲಿ ಕೀ ಆಫ್ ಮಾಡಬೇಡಿ, ಕಾರಿನ ಬ್ಯಾಟರಿ ಟರ್ಮಿನಲ್ ಬಿಚ್ಚಬೇಡಿ. ಕೀ ಇದ್ದಲ್ಲೇ ಇರಲಿ. ಕಾರಿಗೆ ಸಪ್ಲೈ ಕೊಡಿ, ಲ್ಯಾಪ್‌ಟಾಪ್ ಚಾರ್ಜಿಗೆ ಹಾಕಿ ಆನ್ ಮಾಡಿ, ಅದೇ ಇಂಟರ್‌ಫೇಸ್, ಅದೇ ಸಾಫ್ಟ್‌ವೇರ್, ಅದೇ ಫೈಲ್ ಇಟ್ಟುಕೊಂಡು ರಿಕವರಿ ಆಯ್ಕೆ ಇದೆಯೇ ನೋಡಿ. ಇಸಿಯುವಿನ ಬೂಟ್‌ಲೋಡರ್ (ಹೊಸ ಫೈಲ್ ಬರೆಸಿಕೊಳ್ಳುವ ಮೂಲ ಪ್ರೋಗ್ರಾಂ) ಉಳಿದಿದ್ದರೆ ಮೊದಲಿನಿಂದ ಬರೆಯಲು ಅದು ಒಪ್ಪಿಕೊಳ್ಳುತ್ತದೆ. ಆಗಲಿಲ್ಲವೆಂದು ಬೇರೆ ಟೂಲ್ ತಂದು ಬೇರೆ ಫೈಲ್ ತುರುಕಬೇಡಿ. ಇಸಿಯು ಮೇಲಿನ ಲೇಬಲ್ಲಿನ ಪಾರ್ಟ್ ನಂಬರಿನ ಫೋಟೋ ತೆಗೆದಿಟ್ಟುಕೊಂಡು ಬೆಂಚಿನ ಮೇಲೆ ಬರೆಯಬಲ್ಲವರ ಹತ್ತಿರ ಒಯ್ಯಿರಿ.