ಫ್ಯಾಟಿ ಲಿವರ್: ಫೈಬ್ರೋಸ್ಕ್ಯಾನ್ ಮಾಡಿಸುವುದೋ, ಬಯಾಪ್ಸಿಯೋ?

ಸ್ಕ್ಯಾನಿಂಗ್ ರಿಪೋರ್ಟಿನಲ್ಲಿ ‘ಫ್ಯಾಟಿ ಲಿವರ್’ ಎಂದು ಬಂದರೆ, ಹುಬ್ಬಳ್ಳಿಗೆ ಓಡುವ ಮೊದಲು ಡಾಕ್ಟರ ಹತ್ತಿರ ಫಿಬ್-4 ಎಂಬ, ಲಿವರ್ ಗಟ್ಟಿಯಾಗಿದೆಯೇ ಎಂದು ಅಂದಾಜಿಸುವ ಲೆಕ್ಕ ಹಾಕಿಸಿ. ವಯಸ್ಸು, ರಕ್ತದಲ್ಲಿನ ಲಿವರ್ ಕಿಣ್ವಗಳಾದ ಎಎಸ್‌ಟಿ, ಎಎಲ್‌ಟಿ, ಪ್ಲೇಟ್‌ಲೆಟ್ ಇಷ್ಟೇ ಸಾಕು. ಗದಗ, ಹಾವೇರಿಯ ಲ್ಯಾಬಿನಲ್ಲೇ ಆಗುವ ಕೆಲಸ. 65 ದಾಟದ ದೊಡ್ಡವರಿಗೆ 1.3ಕ್ಕಿಂತ ಕಡಿಮೆ ಬಂದರೆ ಲಿವರ್ ಗಟ್ಟಿಯಾಗಿರುವ ಸಂಭವ ಬಹಳ ಕಡಿಮೆ.

ಹೆಚ್ಚು ಬಂದರೆ ಮೊದಲು ಲಿವರಿನ ಗಟ್ಟಿತನ ಅಳೆಯುವ ಫೈಬ್ರೋಸ್ಕ್ಯಾನ್ ಎನ್ನುವುದೇ ನನ್ನ ಮಾತು. ಬಲಪಕ್ಕೆಗೆ ಜೆಲ್ ಹಚ್ಚಿ, ಪ್ರೋಬ್ ಇಟ್ಟು, ಮೆಲ್ಲಗೆ ತಟ್ಟಿದಂತೆ ಕನಿಷ್ಠ 10 ಸಲ ಅಳೆಯುತ್ತಾರೆ. ಸೂಜಿಯಿಲ್ಲ, ನೋವಿಲ್ಲ. ಗಟ್ಟಿತನ 8 ಕಿಲೋಪಾಸ್ಕಲ್‌ಗಿಂತ ಕೆಳಗಿದ್ದರೆ ಬಹುಮಟ್ಟಿಗೆ ನಿರಾಳ. ಆದರೆ 3 ತಾಸು ಹೊಟ್ಟೆ ಖಾಲಿ ಇರಲೇಬೇಕು! ಬಸ್ಸಿಳಿದು ಗಿರ್ಮಿಟ್, ಮಿರ್ಚಿ ತಿಂದು ಹೋದರೆ ಅಂಕಿ ಸುಳ್ಳೇ ಏರಬಹುದು. ಕಾಮಾಲೆ ಜೋರಿದ್ದಾಗಲೂ ಹಾಗೆಯೇ. ಹೊಟ್ಟೆಯಲ್ಲಿ ನೀರು ತುಂಬಿದವರಿಗೆ ಈ ಪರೀಕ್ಷೆ ನೆಚ್ಚುವಂತಿಲ್ಲ.

ಬಯಾಪ್ಸಿ ಎಂದರೆ ಸೂಜಿಯಿಂದ ಲಿವರಿನ ಚೂರು ತೆಗೆದು ನೋಡುವುದು. ಅದರಲ್ಲಿ ಸಿಗುವುದು ಲಿವರಿನ ಸುಮಾರು 50,000ದಲ್ಲಿ ಒಂದು ಪಾಲು. ಆಮೇಲೆ ಕೆಲವು ತಾಸು ಮಲಗಿರಬೇಕು, ಅಪರೂಪಕ್ಕೆ ರಕ್ತಸ್ರಾವವೂ ಆಗುತ್ತದೆ. ಆದರೂ ಕಾಯಿಲೆಯ ಕಾರಣ ತಿಳಿಯದಿದ್ದಾಗ, ಆಟೋಇಮ್ಯೂನ್ ಹೆಪಟೈಟಿಸ್ (ದೇಹದ ರೋಗನಿರೋಧಕ ಶಕ್ತಿಯೇ ಲಿವರಿನ ಮೇಲೆ ತಿರುಗಿಬೀಳುವ ಕಾಯಿಲೆ) ಅನುಮಾನವಿದ್ದಾಗ ಹಿಂಜರಿಯಬೇಡಿ. ಅಮೆರಿಕ 2024ರಲ್ಲಿ ಒಪ್ಪಿದ ರೆಸ್ಮೆಟಿರಾಮ್ ಎಂಬ ಫ್ಯಾಟಿ ಲಿವರ್ ಮಾತ್ರೆಯ ಟ್ರಯಲ್‌ನಲ್ಲೂ ಗುಣವನ್ನು ಅಳೆದದ್ದು ಬಯಾಪ್ಸಿಯಿಂದಲೇ. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ಅದನ್ನು ಮುಂಚೆಯೇ ಡಾಕ್ಟರಿಗೆ ಹೇಳಿಬಿಡಿ.