ಗಿಟಾರ್ ಕಲಿಕೆ: ಶಿಕ್ಷಕರ ಪಾಠ, ಸ್ವಂತ ಅಭ್ಯಾಸ ಎರಡನ್ನೂ ಬಳಸಿದ ಮೇಲೆ

ಗಿಟಾರನ್ನು ಮೊದಲು ವಿಡಿಯೊ ಮತ್ತು ಆ್ಯಪ್‌ಗಳ ನೆರವಿನಿಂದ ಕಲಿತೆ. ಆಮೇಲೆ ವಾರಕ್ಕೊಮ್ಮೆ ಶಿಕ್ಷಕರ ಮುಂದೆ ಕುಳಿತೆ. ಈಗ ಮತ್ತೆ ಬಹುಪಾಲು ಒಬ್ಬನೇ ನುಡಿಸುತ್ತೇನೆ. ಯಾವುದು ಮೇಲು ಎಂದು ಕೇಳಿದರೆ ನನ್ನ ಉತ್ತರ ಖಚಿತ: ಕೈ ಪಳಗುವವರೆಗೆ ಶಿಕ್ಷಕರು ಬೇಕೇ ಬೇಕು, ಕಿವಿಯನ್ನು ಮಾತ್ರ ನೀವೇ ಪಳಗಿಸಿಕೊಳ್ಳಬೇಕು.

ವಿಡಿಯೊ ಪಾಠಗಳನ್ನು ನಾನು ಕಡೆಗಣಿಸುವುದಿಲ್ಲ. ಜಸ್ಟಿನ್ ಗಿಟಾರ್‌ನಂಥ ತಾಣಗಳಲ್ಲಿ ಉಚಿತವಾಗಿ ಸಿಗುವ ಪಾಠಗಳು ಅಚ್ಚುಕಟ್ಟಾಗಿವೆ. ಕಷ್ಟದ ಜಾಗವನ್ನು ಅರ್ಧ ವೇಗಕ್ಕೆ ಇಳಿಸಿ ಸಾಕುಸಾಕೆನಿಸುವಷ್ಟು ಸಲ ನೋಡಬಹುದು. ಮೈಕ್ ಮೂಲಕ ಆಲಿಸಿ ಸ್ವರ ಸರಿಯೋ ತಪ್ಪೋ ಹೇಳುವ ಆ್ಯಪ್‌ಗಳೂ ಇವೆ. ಆದರೆ ಅವಕ್ಕೆ ತಿಳಿಯುವುದು ಸದ್ದು ಮಾತ್ರ. ಮಣಿಕಟ್ಟು ಬಿಗಿದುಕೊಂಡಿರುವುದು, ಭುಜ ಮೇಲೇರಿರುವುದು, ಹೆಬ್ಬೆರಳು ಗಿಟಾರಿನ ಕತ್ತನ್ನು ಹಿಂಡುತ್ತಿರುವುದು ಅವಕ್ಕೆ ಕಾಣುವುದಿಲ್ಲ.

ಎಫ್ ಬಾರ್ ಕಾರ್ಡನ್ನೇ ನೋಡಿ (ಕಾರ್ಡ್ ಎಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗುಂಪು). ಕಲಿಯುವವರು ಕೈಚೆಲ್ಲುವುದು ಹೆಚ್ಚಾಗಿ ಇಲ್ಲಿಯೇ. ಮೊದಲ ಫ್ರೆಟ್‌ನಲ್ಲಿ, ಅಂದರೆ ಗಿಟಾರಿನ ಕತ್ತಿನ ಮೇಲೆ ಲೋಹದ ಪಟ್ಟಿಗಳಿಂದಾದ ಮನೆಗಳಲ್ಲಿ ಮೊದಲನೆಯದರಲ್ಲಿ, ತೋರುಬೆರಳು ಆರೂ ತಂತಿಗಳ ಮೇಲೆ ಅಡ್ಡ ಮಲಗಬೇಕು. ಎಷ್ಟು ಒತ್ತಿದರೂ ಒಂದಲ್ಲ ಒಂದು ತಂತಿ ಮಂಕಾಗಿ ಟಕ್ ಎನ್ನುತ್ತದೆ. ನನ್ನ ಶಿಕ್ಷಕರು ತಂತಿಗಳನ್ನು ಒಂದೊಂದಾಗಿ ಮೀಟಲು ಹೇಳಿದರು. ಮಂಕಾಗಿದ್ದದ್ದು ತೆಳುವಾದ ತಂತಿಯಿಂದ ಎಣಿಸಿದರೆ ಎರಡನೆಯದು. ಬೆರಳಿನ ಗೆಣ್ಣಿನ ಮಡಿಕೆ ಸರಿಯಾಗಿ ಅದರ ಮೇಲೆಯೇ ಕುಳಿತಿತ್ತು. ಅವರು ಬೆರಳನ್ನು ಕೂದಲೆಳೆಯಷ್ಟು ಮೇಲಕ್ಕೆ ಸರಿಸಿದರು, ಹೆಬ್ಬೆರಳಿನ ಕಡೆಯ ಅಂಚಿಗೆ ತುಸು ಹೊರಳಿಸಿದರು, ಮೊಣಕೈಯನ್ನು ಮೈಗೆ ಹತ್ತಿರ ತಂದರು. ತಂತಿ ಸ್ಪಷ್ಟವಾಗಿ ನುಡಿಯಿತು, ಅದೂ ಮೊದಲಿಗಿಂತ ಕಡಿಮೆ ಒತ್ತಡದಲ್ಲಿ! ಈ ಕಾರ್ಡಿನಲ್ಲಿ ತೋರುಬೆರಳಿನ ಹೊಣೆ ಒಂದು, ಎರಡು ಮತ್ತು ಆರನೆಯ ತಂತಿಗಳಷ್ಟೇ, ಉಳಿದ ಮೂರನ್ನು ಬೇರೆ ಬೆರಳುಗಳು ಹಿಡಿದಿರುತ್ತವೆ ಎಂದೂ ಬಿಡಿಸಿ ಹೇಳಿದರು. ಪಾಠಕ್ಕೆ ಕೊಟ್ಟ ಹಣ ಸಾರ್ಥಕವೆನಿಸಿದ್ದು ಇಂಥ ಗಳಿಗೆಗಳಲ್ಲಿ.

ಲಯದ ವಿಷಯದಲ್ಲೂ ಅಷ್ಟೇ. ಎಡಗೈ ಕಾರ್ಡ್ ಬದಲಿಸಲು ತಡವಾದರೂ ಬಲಗೈ ನಿಲ್ಲಕೂಡದು ಎಂದು ತಾಳ ಹಾಕುವ ಸಾಧನವಾದ ಮೆಟ್ರೊನೋಮನ್ನು ನಿಮಿಷಕ್ಕೆ 60 ಬಡಿತಕ್ಕೆ ಇಟ್ಟು ಕಾದು ಕೂರುವ ತಾಳ್ಮೆ ಎದುರಿಗಿರುವ ಮನುಷ್ಯರಿಗೇ ಇರುವುದು.

ಪಾಠಗಳ ಕೊರತೆಯನ್ನೂ ಹೇಳಬೇಕು. ಪರೀಕ್ಷೆಯ ಗ್ರೇಡುಗಳ ಹಾದಿ ಹಿಡಿದರೆ ನಿಮಗೆ ಇಷ್ಟವಾದ ಹಾಡು ಮುಂದಕ್ಕೆ ಹೋಗುತ್ತಲೇ ಇರುತ್ತದೆ. ನೊಟೇಶನ್ (ಸ್ವರಲಿಪಿ) ಓದಲು ಬರುತ್ತದೆ, ನಿಜ. ಆದರೆ ಪುಸ್ತಕ ಮುಚ್ಚಿದರೆ ಕೈ ತಡವರಿಸುತ್ತದೆ. ಜಾಝ್ ಗಿಟಾರಿನ ದಿಗ್ಗಜ ವೆಸ್ ಮಾಂಟ್ಗೊಮೆರಿ ನೊಟೇಶನ್ ಓದಲು ಕಲಿತಿರಲಿಲ್ಲ. ತನಗಿಂತ ಹಿಂದಿನ ಜಾಝ್ ಗಿಟಾರ್ ವಾದಕ ಚಾರ್ಲಿ ಕ್ರಿಶ್ಚಿಯನ್‌ನ ಧ್ವನಿಮುದ್ರಿಕೆಗಳನ್ನು ಕೇಳಿ ಕೇಳಿ ಕಲಿತವನು. ಹಾಗೆ ಕೇಳಿ ಹುಡುಕುವ ಕೆಲಸವನ್ನು ಯಾರೂ ನಿಮ್ಮ ಪರವಾಗಿ ಮಾಡಲಾರರು. ಯಾವ ತಂತಿಯನ್ನು ಎಲ್ಲಿ ಒತ್ತಬೇಕೆಂದು ಅಂಕಿಗಳಲ್ಲಿ ತೋರಿಸುವ ಅಂತರಜಾಲದ ಟ್ಯಾಬ್‌ಗಳಲ್ಲಿ ತಪ್ಪುಗಳಿರುತ್ತವೆ. ಮೊದಲು ಹಾಡಿನ ಬೇಸ್ (ತಗ್ಗಿನ) ಸ್ವರವನ್ನು ದಪ್ಪ ತಂತಿಗಳ ಮೇಲೆ ಹುಡುಕಿ, ಅದರಿಂದ ಕಾರ್ಡನ್ನು ಊಹಿಸಿ, ಕಡೆಗೆ ಟ್ಯಾಬ್ ನೋಡಿ. ನಿಧಾನವಾದರೂ ಹೀಗೆ ಸಿಕ್ಕಿದ ಹಾಡು ಮರೆತುಹೋಗುವುದಿಲ್ಲ.

ಹೊಸಬರು ಮೊದಲ ಕೆಲವು ತಿಂಗಳಾದರೂ ಶಿಕ್ಷಕರ ಬಳಿ ಹೋಗಿ. ವಾರವಾರವೂ ಆಗದಿದ್ದರೆ ತಿಂಗಳಿಗೊಮ್ಮೆ ಸಾಕು, ಆದರೆ ಎಡವುತ್ತಿರುವ ಜಾಗವನ್ನು ಗುರುತು ಹಾಕಿಕೊಂಡು ಹೋಗಿ. ಪಾಠದ ಹೊತ್ತಿನಲ್ಲಿ ನಿಮಗಿಂತ ಹೆಚ್ಚು ಶಿಕ್ಷಕರೇ ನುಡಿಸುತ್ತಿದ್ದರೆ ಬೇರೆಯವರನ್ನು ಹುಡುಕಿಕೊಳ್ಳಿ.