ಒಂದು ಕಿವಿ ನೀರಿಗೆ, ಒಂದು ಕಿವಿ ದೆವ್ವಕ್ಕೆ: ಹಳೆಯ ರೇಡಿಯೋ ನಾಟಕಗಳು, ಆರು ವರ್ಷದ ಬಳಕೆ

ನಮ್ಮ ಅಡಿಕೆ ತೋಟ ಚನ್ನಗಿರಿ ಕಡೆ. ತ್ರೀ ಫೇಸ್ ಕರೆಂಟ್ ಬರುವುದು ಹೆಚ್ಚಾಗಿ ರಾತ್ರಿ. ಬಂದಾಗ ಮೋಟರ್ ಹಾಕಬೇಕು. ಅರ್ಧ ಗಂಟೆಗೊಮ್ಮೆ ಗೇಟ್ ವಾಲ್ವ್ ತಿರುಗಿಸಿ ಮುಂದಿನ ಸಾಲಿಗೆ ನೀರು ಬಿಡಬೇಕು. ನಡುವಿನ ಹೊತ್ತು ಪಂಪ್ ಮನೆ ಮುಂದೆ ಸುಮ್ನೆ ಕೂತಿರಬೇಕು. ವಿಡಿಯೋ ನೋಡೋಣ ಅಂದ್ರೆ ತೋಟದಲ್ಲಿ ನೆಟ್‌ವರ್ಕ್ ಇಲ್ಲ. ಅಲ್ಲದೆ ಫೋನಿನ ಬೆಳಕು ಕಣ್ಣಿಗೆ ಹೊಡೆದರೆ ಕಾಲಡಿ ಹಾವಿದ್ದರೂ ಕಾಣಲ್ಲ. ಕಿವಿಗೆ ಏನಾದರೂ ಬೇಕಿತ್ತು.

1940ರ ದಶಕದ ಅಮೆರಿಕದ ರೇಡಿಯೋ ನಾಟಕಗಳು ನನಗೆ ಗಂಟುಬಿದ್ದದ್ದು ಹಾಗೆ. ದೆವ್ವ, ಕೊಲೆ, ಏನಾಗುತ್ತೋ ಏನೋ ಅನ್ನುವ ಕಥೆಗಳು. ಇಂಟರ್ನೆಟ್ ಆರ್ಕೈವ್ ಎಂಬ ಜಾಲತಾಣದಲ್ಲಿ ಇಂಥ ಸಾವಿರಾರು ಕಂತುಗಳು ಪುಕ್ಕಟೆ ಸಿಗುತ್ತವೆ. ಪೇಟೆಗೆ ಹೋದಾಗ ಇಳಿಸಿಕೊಂಡು ಬರುತ್ತೇನೆ. 64 ಕೆಬಿಪಿಎಸ್, ಅಂದರೆ ಸಾಧಾರಣ ಗುಣಮಟ್ಟದ ಫೈಲಾದರೆ ಅರ್ಧ ಗಂಟೆಯ ನಾಟಕ 14 ಎಂಬಿ ಆಸುಪಾಸು. ಆಗಿನ ಹೆಚ್ಚಿನ ಸರಣಿಗಳು ಅರ್ಧ ಗಂಟೆಯವೇ. ಒಂದು ನಾಟಕ ಮುಗಿಯಿತು ಅಂದ್ರೆ ವಾಲ್ವ್ ತಿರುಗಿಸುವ ಹೊತ್ತಾಯಿತು ಅಂತಲೇ.

ಇಯರ್‌ಫೋನ್ ಒಂದೇ ಕಿವಿಗೆ ಹಾಕಿಕೊಳ್ಳುತ್ತೇನೆ. ಬೋರಿನಲ್ಲಿ ನೀರು ಕಡಿಮೆಯಾದರೆ ಪೈಪಿನ ಬಾಯಲ್ಲಿ ಗಾಳಿ ಹೊಡೆಯುವ ಸದ್ದು ಬರುತ್ತದೆ. ಆಗ ಓಡಿಹೋಗಿ ಸ್ಟಾರ್ಟರ್ ಆಫ್ ಮಾಡಬೇಕು. ಇನ್ನೊಂದು ಕಿವಿ ಅದಕ್ಕೆ. ಇವೆಲ್ಲ ಮೋನೋ ರೆಕಾರ್ಡಿಂಗ್, ಒಂದೇ ಕಿವಿಯಲ್ಲಿ ಕೇಳಿದರೂ ಏನೂ ತಪ್ಪಿಹೋಗುವುದಿಲ್ಲ.

ಆರು ವರ್ಷದಲ್ಲಿ ಯಾವುದು ಸವೆಯಿತು, ಯಾವುದು ಸವೆಯಲಿಲ್ಲ ಅನ್ನುವುದನ್ನು ಹೇಳುತ್ತೇನೆ. ಮೊದಲ ವಾರದ ಅಭಿಪ್ರಾಯಕ್ಕೂ ಇದಕ್ಕೂ ಸಂಬಂಧವೇ ಇಲ್ಲ.

ಮೊದಲು ಸವೆದದ್ದು 'ಇನ್ನರ್ ಸ್ಯಾಂಕ್ಟಮ್'. 1941ರಿಂದ 1952ರವರೆಗೆ ಬಂದ ಸರಣಿ, ಹೈಮನ್ ಬ್ರೌನ್ ಮಾಡಿದ್ದು. ಶುರುವಿನಲ್ಲಿ ಬಾಗಿಲೊಂದು ಕಿರ್ರ್ ಎಂದು ತೆರೆದುಕೊಳ್ಳುತ್ತದೆ. ಆ ಸದ್ದು ಇವತ್ತಿಗೂ ಚೆನ್ನ. ಅದಾದ ಮೇಲೆ ರೇಮಂಡ್ ಎಂಬ ನಿರೂಪಕ ಹೆಣ, ಗೋರಿ ಅಂತ ತಮಾಷೆ ಮಾಡುತ್ತಾನೆ. ನಾಲ್ಕು ಕಂತು ನಕ್ಕೆ. 1945ರಿಂದ ಲಿಪ್ಟನ್ ಚಹಾ ಪ್ರಾಯೋಜಕರು, ಮೇರಿ ಎಂಬಾಕೆ ಹೆಣದ ಪಕ್ಕದಲ್ಲೇ ನಿಂತವಳ ಹಾಗೆ ಚಹಾದ ರುಚಿ ಹೊಗಳುತ್ತಾಳೆ. ಅದು ಮಾತ್ರ ನನಗೆ ಈಗಲೂ ನಗು ತರಿಸುತ್ತದೆ. ಆದರೆ ಕಥೆಗಳು ಕೊನೆಗೆ ಬಂದಾಗ ದೆವ್ವ ದೆವ್ವವಲ್ಲ, ಯಾರೋ ನೆಂಟನ ಕುತಂತ್ರ ಅಂತ ಎಳೆದು ಕಟ್ಟಿ ಮುಗಿಸುತ್ತಾರೆ. ಇಪ್ಪತ್ತು ಕೇಳಿದ ಮೇಲೆ ನೆಂಟ ಬಂದ ಕೂಡಲೇ ಗೊತ್ತಾಗಿಬಿಡುತ್ತದೆ.

'ಲೈಟ್ಸ್ ಔಟ್' ಇನ್ನೊಂದು ಜಾತಿ. 1934ರಲ್ಲಿ ಷಿಕಾಗೋದಲ್ಲಿ ವಿಲಿಸ್ ಕೂಪರ್ ಎಂಬವರು ಶುರುಮಾಡಿದ್ದು, ನಡುರಾತ್ರಿಯ ಪ್ರಸಾರ. 1936ರಲ್ಲಿ ಆರ್ಚ್ ಓಬೊಲರ್ ಕೈಗೆ ಬಂತು. ಈ ಸರಣಿಯ ಹೆಸರು ನಿಂತದ್ದು ಸದ್ದಿನ ಮೇಲೆ. ತಲೆ ಕಡಿಯುವುದಕ್ಕೆ ಎಲೆಕೋಸು. ವಿದ್ಯುತ್ ಕುರ್ಚಿಯಲ್ಲಿ ಮನುಷ್ಯ ಸುಡುವುದಕ್ಕೆ ಬಾಣಲೆಯಲ್ಲಿ ಹುರಿಯುವ ಹಂದಿಮಾಂಸ. ಎಲ್ಲ ಅಡುಗೆಮನೆಯ ಸಾಮಾನೇ. ಇದು ಗೊತ್ತಾದ ಮೇಲೆ ಮನೆಯಲ್ಲಿ ಅವ್ವ ಕೋಸು ಹೆಚ್ಚುವಾಗ ನಾನು ಹೊರಗೆ ಹೋಗುತ್ತೇನೆ. ಕೋಳಿಯ ಹೃದಯವೊಂದು ಬೆಳೆದು ಬೆಳೆದು ಲೋಕವನ್ನೇ ಮುಚ್ಚುವ ಕಥೆ ತುಂಬ ಹೆಸರುವಾಸಿ. ಅದರ 1937ರ ಮೂಲ ಪ್ರಸಾರ ಉಳಿದಿಲ್ಲ. ಈಗ ಕೇಳಸಿಗುವುದು ಓಬೊಲರ್ 1962ರಲ್ಲಿ ಒಂದು ಎಲ್‌ಪಿ ರೆಕಾರ್ಡಿಗಾಗಿ ಮತ್ತೆ ಮಾಡಿದ ಚಿಕ್ಕ ರೂಪ. ಡಬ್ ಡಬ್ ಎಂಬ ಸದ್ದು ಮೋಟರಿನ ಸದ್ದಿನ ಜೊತೆ ಸೇರಿಕೊಂಡು ಮೊದಲ ಸಲ ನನ್ನ ಬೆವರಿಳಿಸಿತ್ತು. ಮೂರನೇ ಸಲಕ್ಕೆ ಬರೀ ಸದ್ದಾಗಿ ಕೇಳಿಸಿತು. ಒಟ್ಟಿನಲ್ಲಿ ಬೆಚ್ಚಿಬೀಳಿಸುವ ನಾಟಕಗಳೆಲ್ಲ ಬೇಗ ಸವೆದವು.

ಸವೆಯದೆ ಉಳಿದದ್ದು 'ಸಸ್ಪೆನ್ಸ್'. ಸಿಬಿಎಸ್ ರೇಡಿಯೋದಲ್ಲಿ 1942ರಿಂದ 1962ರವರೆಗೆ ಇಪ್ಪತ್ತು ವರ್ಷ. ಸುಮಾರು 945 ಕಂತು, ಅದರಲ್ಲಿ 900ಕ್ಕೂ ಜಾಸ್ತಿ ಈಗಲೂ ಸಿಗುತ್ತವೆ. ಎಲ್ಲವೂ ಚೆನ್ನಾಗಿಲ್ಲ. ಕೊನೆಯ ಕೆಲವು ವರ್ಷಗಳಲ್ಲಿ ಹಳೆಯ ಕಥೆಗಳನ್ನೇ ಮತ್ತೆ ಮತ್ತೆ ಮಾಡಿದ್ದಾರೆ. ಆದರೆ 1943ರಿಂದ 1950ರವರೆಗಿನ ಗಂಟಿಗೆ ಕೈ ಹಾಕಿದರೆ ನಿರಾಸೆಯಾಗುವುದು ಕಡಿಮೆ. ಇಲ್ಲಿ ದೆವ್ವ ಅಪರೂಪ. ಮಾಮೂಲಿ ಮನುಷ್ಯನೊಬ್ಬ ಸಿಕ್ಕಿಹಾಕಿಕೊಳ್ಳುತ್ತಾನೆ, ಹೊತ್ತು ಮುಗಿಯುತ್ತಾ ಬರುತ್ತದೆ, ಅಷ್ಟೇ.

ಲೂಸಿಲ್ ಫ್ಲೆಚರ್ ಬರೆದ 'ಸಾರಿ, ರಾಂಗ್ ನಂಬರ್' ಇದರಲ್ಲೇ 1943ರ ಮೇ 25ರಂದು ಮೊದಲು ಬಂದದ್ದು. ಹಾಸಿಗೆ ಹಿಡಿದ ಹೆಂಗಸೊಬ್ಬಳು ಗಂಡನ ಆಫೀಸಿಗೆ ಫೋನ್ ಮಾಡುತ್ತಾಳೆ. ಲೈನ್ ಕ್ರಾಸ್ ಆಗಿ ಇಬ್ಬರು ಕೊಲೆಯ ಮಾತಾಡುವುದು ಕಿವಿಗೆ ಬೀಳುತ್ತದೆ. ಆಪರೇಟರ್, ಪೊಲೀಸ್, ಯಾರೂ ನಂಬುವುದಿಲ್ಲ. ನಮ್ಮಲ್ಲಿ ಟ್ರಂಕ್ ಕಾಲ್, ಕ್ರಾಸ್ ಕನೆಕ್ಷನ್ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆ್ಯಗ್ನೆಸ್ ಮೂರ್‌ಹೆಡ್ ಎಂಬ ನಟಿ ಹೆಚ್ಚುಕಡಿಮೆ ಒಬ್ಬರೇ ಅರ್ಧ ಗಂಟೆ ಹೊತ್ತು ಎಳೆದುಕೊಂಡು ಹೋಗುತ್ತಾರೆ. ಮೊದಲ ಪ್ರಸಾರದಲ್ಲಿ ಕೊನೆಗೆ ಸ್ವಲ್ಪ ಎಡವಟ್ಟಾಗಿ ಕೇಳುಗರಿಗೆ ಮುಕ್ತಾಯವೇ ಅರ್ಥವಾಗಲಿಲ್ಲವಂತೆ. ಅದೇ ವರ್ಷ ಮತ್ತೆ ಮಾಡಿದರು. ಒಟ್ಟು ಎಂಟು ಸಲ ಬಂದಿದೆ, ಎಲ್ಲದರಲ್ಲೂ ಆಕೆಯೇ.

ಈ ಕಥೆಯನ್ನು ಬೆಳಿಗ್ಗೆ ಅವ್ವನಿಗೆ ಹೇಳಿದೆ. ಅವ್ವ ಆಕಾಶವಾಣಿ ಭದ್ರಾವತಿಯ ನಾಟಕ ಕೇಳುತ್ತಾ ರೊಟ್ಟಿ ಬಡಿದವಳು, ಸುಲಭಕ್ಕೆ ಒಪ್ಪುವವಳಲ್ಲ. "ಅಷ್ಟೊತ್ತು ಫೋನ್ ಹಿಡಕೊಂಡು ಕೂರೋ ಬದಲು ಎದ್ದು ಬಾಗಿಲು ಹಾಕ್ಕೊಳ್ಳೋಕೆ ಏನು ರೋಗ ಅವಳಿಗೆ?" ಅಂದಳು. "ರೋಗಾನೇ ಅವ್ವ, ಏಳೋಕಾಗಲ್ಲ" ಅಂದೆ. ಒಂದು ಗಳಿಗೆ ಸುಮ್ಮನಿದ್ದು, "ಆಮೇಲೆ?" ಅಂದಳು. ಇದಕ್ಕಿಂತ ಒಳ್ಳೆಯ ರೇಟಿಂಗ್ ನನ್ನ ಹತ್ತಿರ ಇಲ್ಲ.

ಫ್ಲೆಚರ್ ಅವರದೇ 'ದಿ ಹಿಚ್‌ಹೈಕರ್' ಕೂಡ ಕೇಳಿ. ನಟ ಆರ್ಸನ್ ವೆಲ್ಸ್ ಧ್ವನಿ. ಬ್ರೂಕ್ಲಿನ್‌ನಿಂದ ಕ್ಯಾಲಿಫೋರ್ನಿಯಾಕ್ಕೆ ಕಾರಿನಲ್ಲಿ ಹೊರಟವನಿಗೆ ದಾರಿಯುದ್ದಕ್ಕೂ ಒಬ್ಬನೇ ಮನುಷ್ಯ ಮತ್ತೆ ಮತ್ತೆ ಕಾಣಿಸುತ್ತಾನೆ. ಸಂಗೀತ ಬರ್ನಾರ್ಡ್ ಹರ್ಮನ್ ಅವರದು, ಆಗ ಫ್ಲೆಚರ್ ಅವರ ಗಂಡ. ಮುಂದೆ ಹಿಚ್‌ಕಾಕ್ ಸಿನಿಮಾಗಳಿಗೆ ಸಂಗೀತ ಕೊಟ್ಟದ್ದೂ ಇವರೇ. ಹೆದ್ದಾರಿಯಲ್ಲಿ ಒಬ್ಬರೇ ಹೋಗುವಾಗ ಮಾತ್ರ ಹಾಕಿಕೊಳ್ಳಬೇಡಿ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಮೇಲೆ ನಿಂತದ್ದು 'ಕ್ವೈಟ್, ಪ್ಲೀಸ್'. ಲೈಟ್ಸ್ ಔಟ್ ಬಿಟ್ಟುಹೋದ ವಿಲಿಸ್ ಕೂಪರ್ 1947ರಿಂದ 1949ರವರೆಗೆ ಬರೆದದ್ದು. ನಿರೂಪಕ ಅರ್ನೆಸ್ಟ್ ಚಾಪೆಲ್ "ಕ್ವೈಟ್, ಪ್ಲೀಸ್" ಅನ್ನುತ್ತಾರೆ. ಆಮೇಲೆ ಮೌನ. ಮತ್ತೆ "ಕ್ವೈಟ್, ಪ್ಲೀಸ್". ಮೊದಲ ಸಲ ಫೋನ್ ಹ್ಯಾಂಗ್ ಆಯಿತು ಅಂತ ತಟ್ಟಿ ನೋಡಿದ್ದೆ. ಚಾಪೆಲ್ ನಟನೆ ಮಾಡುವುದೇ ಇಲ್ಲ ಅನ್ನಿಸುತ್ತದೆ. ಕಟ್ಟೆ ಮೇಲೆ ಪಕ್ಕದಲ್ಲಿ ಕೂತವರು ಕಥೆ ಹೇಳಿದ ಹಾಗೆ, ನಿಧಾನವಾಗಿ.

ಇದರಲ್ಲಿ 1948ರ ಆಗಸ್ಟ್ 9ರ ಕಂತು 'ದಿ ಥಿಂಗ್ ಆನ್ ದಿ ಫೋರ್ಬಲ್ ಬೋರ್ಡ್'. ಎಣ್ಣೆ ಬಾವಿ ಕೊರೆಯುವ ಕೆಲಸಗಾರನ ಕಥೆ. ಕೊರೆಯುವ ಗೋಪುರದಲ್ಲಿ ನಾಲ್ಕು ಪೈಪು ಜೋಡಿಸಿ ನಿಲ್ಲಿಸಿದಾಗ ತುದಿ ಹಿಡಿಯಲು ಎತ್ತರದಲ್ಲಿ ಒಂದು ಹಲಗೆ ಇರುತ್ತದೆ, ಅದೇ ಫೋರ್ಬಲ್ ಬೋರ್ಡ್. ತುಂಬ ಆಳದಿಂದ ಬಂದ ಮಣ್ಣು ಕಲ್ಲಿನ ಜೊತೆ ಬರಬಾರದ್ದೇನೋ ಮೇಲೆ ಬರುತ್ತದೆ. ಮುಂದಿನದನ್ನು ಹೇಳುವುದಿಲ್ಲ. ಅದು ಅಳುವ ಸದ್ದು ಒಂದಿದೆ, ಎಳೆಮಗುವಿನ ಹಾಗೆ. ಇದನ್ನು ಕೇಳಿದ ಮುಂದಿನ ಬೇಸಿಗೆಯಲ್ಲಿ ನಮ್ಮ ಹಳೆಯ ಬೋರ್ ಬತ್ತಿತು. ಹೊಸದು ಕೊರೆಸಲು ರಿಗ್ ಲಾರಿ ರಾತ್ರಿ ಬಂತು. 600 ಅಡಿ ದಾಟಿದರೂ ಬರೀ ಧೂಳು. ಎಲ್ಲರೂ ನೀರು ಬರಲಿ ಅಂತ ದೇವರನ್ನು ಬೇಡುತ್ತಿದ್ದರೆ, ನಾನು ಬೇರೇನೂ ಬರದಿರಲಿ ಅಂತ ಬೇಡಿಕೊಳ್ಳುತ್ತಿದ್ದೆ.

ಈಗ ತೊಂದರೆಗಳು. ಮೊದಲನೆಯದು ಇಂಗ್ಲಿಷ್. ಆ ಕಾಲದ ಅಮೆರಿಕನ್ನರು, ಅದರಲ್ಲೂ ಪೊಲೀಸರು ಮತ್ತು ಕಳ್ಳರು, ಹುರಿದ ಜೋಳದ ಹಾಗೆ ಪಟಪಟ ಮಾತಾಡುತ್ತಾರೆ. ನಾನು ಕನ್ನಡ ಮೀಡಿಯಂ. ಮೊದಲ ಆರು ತಿಂಗಳು ಅರ್ಧಕ್ಕರ್ಧ ಊಹೆ. ಹಾಗಾಗಿ ಹೊಸಬರು ಒಬ್ಬನೇ ಕಥೆ ಹೇಳುವ ನಾಟಕಗಳಿಂದ ಶುರುಮಾಡಿ. ಚಾಪೆಲ್ ಎಲ್ಲರಿಗಿಂತ ಸುಲಭ. ಅದಾದ ಮೇಲೆ 'ಎಸ್ಕೇಪ್' ಸರಣಿಯ 'ತ್ರೀ ಸ್ಕೆಲಿಟನ್ ಕೀ', ಅದರಲ್ಲೂ ನಟ ವಿನ್ಸೆಂಟ್ ಪ್ರೈಸ್ ಮಾಡಿದ 1950ರ ಪ್ರಸಾರ. ದೀಪಸ್ತಂಭದಲ್ಲಿ ಮೂರು ಜನ, ಸುತ್ತ ಸಾವಿರಾರು ಇಲಿ. ಮಾತು ಅರ್ಥವಾಗದಿದ್ದರೂ ಇಲಿ ಅರ್ಥವಾಗುತ್ತವೆ.

ಎರಡನೆಯದು ರೆಕಾರ್ಡಿಂಗ್. ಆಗಿನ ಪ್ರಸಾರಗಳು ಉಳಿದದ್ದು ಮುಖ್ಯವಾಗಿ 16 ಇಂಚಿನ ದೊಡ್ಡ ಡಿಸ್ಕುಗಳಲ್ಲಿ, ಒಂದು ಮಗ್ಗುಲಿಗೆ ಕಾಲು ಗಂಟೆ. ಸಸ್ಪೆನ್ಸ್ ಪರವಾಗಿಲ್ಲ. ಕ್ವೈಟ್ ಪ್ಲೀಸ್‌ನ ಹಲವು ಕಂತುಗಳು ಮಳೆಯಲ್ಲಿ ತಗಡಿನ ಸೂರಿನ ಕೆಳಗೆ ಕೂತು ಕೇಳಿದ ಹಾಗಿವೆ. ಸದ್ದು ಸೋಸಿದ್ದೇವೆ ಅಂತ ಹೇಳಿಕೊಂಡ ಫೈಲುಗಳು ಇನ್ನೂ ಕೆಟ್ಟವು, ಕೊಡದೊಳಗೆ ಬಾಯಿಟ್ಟು ಮಾತಾಡಿದಂತೆ. ಗೊರಗೊರ ಇದ್ದರೂ ಸೋಸದೆ ಇರುವುದನ್ನೇ ತೆಗೆದುಕೊಳ್ಳಿ. ಒಮ್ಮೆ ಆಸೆಬಿದ್ದು ಆನ್‌ಲೈನಲ್ಲಿ ಯಾರೋ ಮಾರುತ್ತಿದ್ದ ಪೆನ್‌ಡ್ರೈವ್ ತರಿಸಿದ್ದೆ. ಒಂದೇ ನಾಟಕ ಮೂರು ಹೆಸರಲ್ಲಿ. ದುಡ್ಡು ಕೊಟ್ಟು ತಗೊಳ್ಳುವ ಅಗತ್ಯವೇ ಇಲ್ಲ.

ಮೂರನೆಯದಕ್ಕೆ ಪರಿಹಾರ ಇಲ್ಲ. ಚೀನಾದವರು, ಕರಿಯರು, 'ಪೂರ್ವದೇಶದ ಮಾಂತ್ರಿಕರು' ಬಂದಾಗ ಬಿಳಿಯ ನಟರು ಗಂಟಲು ತಿರುಚಿ ಆಡುವ ಅಣಕ ಅಸಹ್ಯ. ಭಾರತದಿಂದ ಬಂದ ಶಾಪದ ಒಡವೆ ಅಂತ ಕಥೆ ಶುರುವಾದರೆ ನಾನು ಮುಂದಿನ ಫೈಲಿಗೆ ಹೋಗುತ್ತೇನೆ. ಗೊಣಗುವ ಹೆಂಡತಿಯನ್ನು ಕೊಲ್ಲಲು ಹೊರಟ ಗಂಡಂದಿರ ಕಥೆಗಳೂ ಜಾಸ್ತಿಯಾದವು.

ರಾತ್ರಿಗೆ ಎರಡು, ಹೆಚ್ಚೆಂದರೆ ಮೂರು. ಅದಕ್ಕಿಂತ ಜಾಸ್ತಿ ಕೇಳಿದರೆ ಎಲ್ಲ ಕಲಸಿಹೋಗುತ್ತದೆ, ಸಸ್ಪೆನ್ಸ್ ನಡುವೆ ಬರುವ ಆಟೋಲೈಟ್ ಸ್ಪಾರ್ಕ್ ಪ್ಲಗ್ಗಿನ ಜಾಹೀರಾತು ಮಾತ್ರ ನೆನಪಲ್ಲಿ ಉಳಿಯುತ್ತದೆ.

ಹೋದ ತಿಂಗಳಿಂದ ನಮ್ಮ ಫೀಡರಿಗೆ ಹಗಲು ಕರೆಂಟ್ ಕೊಡುತ್ತಿದ್ದಾರೆ. ಊರೆಲ್ಲ ಖುಷಿ, ನಾನೂ ಖುಷಿಯಾಗಿಯೇ ಇದ್ದೇನೆ. ಬೆಳಿಗ್ಗೆ 11ಕ್ಕೆ ಪಂಪ್ ಮನೆ ಮುಂದೆ ಕೂತು ಒಂದು ಸಸ್ಪೆನ್ಸ್ ಹಾಕಿದೆ. ಬಿಸಿಲು, ಗಿಳಿಗಳ ಗಲಾಟೆ, ಪಕ್ಕದ ತೋಟದವನ ಟಿಲ್ಲರ್. ಕೊಲೆಗಾರ ಮೆಟ್ಟಿಲು ಹತ್ತುತ್ತಿದ್ದಾಗ ಕೊಲೆಯಾಗುವವಳ ಮೇಲೆ ಕರುಣೆ ಬರಲಿಲ್ಲ, ಹಸಿವಾಯಿತು. ನಿಲ್ಲಿಸಿ ಊಟಕ್ಕೆ ಹೋದೆ. ಉಳಿದರ್ಧ ಇನ್ನೂ ಫೋನಲ್ಲೇ ಇದೆ. ಲೈನ್ ರಿಪೇರಿ ಅಂತ ಯಾವತ್ತಾದರೂ ಮತ್ತೆ ರಾತ್ರಿ ಕರೆಂಟ್ ಕೊಟ್ಟಾಗ ಕೇಳುತ್ತೇನೆ.